ಸಲಹಾ ಪೆಟ್ಟಿಗೆ

ಮದುವೆಯಾಗಿ ಬಂದ ಹೊಸದರಲ್ಲಿ ಯಾವ ಸೊಸೆಯೂ ಅತ್ತೆಮನೆಯ ಸಾರಿಗೆ ತನ್ನ ತವರಿನ ಪುಡಿ ಹಾಕುವ ಸಾಹಸ ಮಾಡುವುದಿಲ್ಲ. ಹಾಕಬೇಡವೆಂದು ಯಾರೂ ಹೇಳಿರುವುದಿಲ್ಲ. ತವರಿನ ಪುಡಿಯೇನೂ ಕೆಟ್ಟದ್ದಲ್ಲ. ಆದರೂ ಡಬ್ಬದ ಮುಚ್ಚಳ ತೆಗೆದು, ಒಮ್ಮೆ ಮೂಸಿ, ಮತ್ತೆ ಮುಚ್ಚಿ ಹಿಂದಕ್ಕಿಡುತ್ತಾಳೆ. ಊಟದ ಹೊತ್ತಿನಲ್ಲಿ ಯಾರಾದರೂ 'ಇವತ್ತಿನ ಸಾರು ಯಾಕೋ ಬೇರೆ ಥರ ಇದೆಯಲ್ಲ' ಅಂದುಬಿಟ್ಟರೆ? ಎರಡು ಮೂರು ವರ್ಷ ಕಳೆದು, ಮಡಿಲಲ್ಲೊಂದು ಮಗುವಾಗಿ, ಬೀರುವಿನ ಬೀಗದ ಕೈ ಸೊಂಟಕ್ಕೆ ಬಂದ ಮೇಲೆ ನೋಡಿ, ಅದೇ ಸೊಸೆ ಹುಣಿಸೆಹಣ್ಣಿನ ಬದಲು ಮಾವಿನಕಾಯಿ ಹಾಕಿ ಸಾರು ಮಾಡುತ್ತಾಳೆ, ಮಿಕ್ಕ ಅನ್ನದಲ್ಲಿ ತಾಳಿಪಟ್ಟು ತಟ್ಟುತ್ತಾಳೆ, ಸುಟ್ಟುಹೋದರೆ ನಗುತ್ತಾ ಇನ್ನೊಂದು ತಟ್ಟುತ್ತಾಳೆ. ಕೈ ಅದೇ, ತಲೆಯೂ ಅದೇ. ಈ ಮನೆಯಿಂದ ತನ್ನನ್ನು ಯಾರೂ ಏಳಿಸಲಾರರು ಎಂಬುದೊಂದು ಮಾತ್ರ ಹೊಸದಾಗಿ ಗಟ್ಟಿಯಾಗಿದೆ.

ಕೆಲವು ಮನೆಗಳಲ್ಲಿ ಈ ಧೈರ್ಯ ಮೂರು ವರ್ಷಕ್ಕಲ್ಲ, ಮೂರೇ ತಿಂಗಳಿಗೆ ಬರುತ್ತದೆ. ಅಲ್ಲಿ ಅತ್ತೆ ಎಂಬಾಕೆ, 'ನಿಮ್ಮಮ್ಮ ಇದನ್ನು ಹ್ಯಾಗೆ ಮಾಡ್ತಾರಮ್ಮ? ಇವತ್ತು ಹಾಗೇ ಮಾಡು, ನೋಡೋಣ' ಎಂದಿರುತ್ತಾಳೆ. ಇನ್ನು ಕೆಲವು ಮನೆಗಳಲ್ಲಿ ಮೂವತ್ತು ವರ್ಷವಾದರೂ ಬರುವುದಿಲ್ಲ. ಅಲ್ಲಿಯ ಸಾರು ಅಜ್ಜಿಯ ಕಾಲದಲ್ಲಿ ಹೇಗಿತ್ತೋ ಹಾಗೇ ಇರುತ್ತದೆ. ಸೊಸೆ ಮಾತ್ರ ಸಪ್ಪಗಾಗಿರುತ್ತಾಳೆ.

ನಾನು ಮೂವತ್ತಮೂರು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದೆ. ಯಾವ ಬ್ಯಾಂಕು ಎಂಬುದು ಇಲ್ಲಿ ಬೇಡ. ನಾನು ಹೇಳಹೊರಟಿರುವುದು ಎಲ್ಲ ಕಚೇರಿಗಳಿಗೂ ಅಷ್ಟಿಷ್ಟು ಹೊಂದುವ ಮಾತು. ಆ ಮೂವತ್ತಮೂರು ವರ್ಷದಲ್ಲಿ ನನಗೆ ತಿಳಿದ ಸತ್ಯಗಳಲ್ಲಿ ಒಂದೆಂದರೆ, ಕಚೇರಿಯೂ ಒಂದು ಅತ್ತೆಮನೆಯೇ. 'ಹೊಸದಾಗಿ ಯೋಚಿಸಿ, ಹೊಸದಾಗಿ ಯೋಚಿಸಿ' ಎಂದು ಮೇಲಿನವರು ಸರ್ಕ್ಯುಲರ್ ಮೇಲೆ ಸರ್ಕ್ಯುಲರ್ ಕಳಿಸುತ್ತಾರೆ. ಹೊಸ ಯೋಚನೆ ಸರ್ಕ್ಯುಲರ್‌ಗೆ ಬರುವುದಿಲ್ಲ. ಅದು ಬರುವುದಕ್ಕೆ ಎರಡು ಬೇಕು. ನಾಳೆಯೂ ಈ ಕೆಲಸ ನನ್ನದೇ ಎಂಬ ನಂಬಿಕೆ ಒಂದು. ಹೇಳಿದರೆ ಕೇಳುವ ಕಿವಿ ಇನ್ನೊಂದು.

ಕೆಲಸಕ್ಕೆ ಸೇರಿದಾಗ ನನಗೆ ಆರು ತಿಂಗಳ ಪ್ರೊಬೇಷನ್ ಇತ್ತು. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನ ಶಾಖೆ. ನನ್ನ ಪಾಲಿಗೆ ಬಂದದ್ದು ಉಳಿತಾಯ ಖಾತೆಯ ಲೆಡ್ಜರುಗಳು. ಒಂದೊಂದೂ ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ದಿನವೂ ಬರುವ ಗಿರಾಕಿಗಳ ಖಾತೆ ಹತ್ತು ಲೆಡ್ಜರುಗಳಲ್ಲಿ ಚದುರಿತ್ತು. ವರ್ಷಕ್ಕೊಮ್ಮೆ ಬಡ್ಡಿ ಬರೆಸಿಕೊಳ್ಳಲು ಮಾತ್ರ ಬರುವವರ ಖಾತೆ ಕೈಗೆ ಸಿಗುವಲ್ಲೇ ಇತ್ತು. ದಿನವೂ ಬರುವವರದ್ದನ್ನೆಲ್ಲ ಒಂದು ಕಡೆ ತಂದರೆ ಅರ್ಧ ಓಡಾಟ ತಪ್ಪುತ್ತದೆಂದು ಎರಡನೆಯ ವಾರದಲ್ಲೇ ನನಗೆ ಹೊಳೆದಿತ್ತು. ಪಕ್ಕದ ಕುರ್ಚಿಯ ಹಿರಿಯರಿಗೆ ಮೆಲ್ಲಗೆ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, 'ಕನ್ಫರ್ಮ್ ಆಗೋ ತನಕ ಬಾಯಿಗೆ ಬೀಗ ಹಾಕ್ಕೊಳ್ಳಮ್ಮ. ಬಾಯಿ ಬಿಟ್ಟರೆ ಬಣ್ಣಗೇಡು' ಅಂದರು. ಅವರದು ಒಳ್ಳೆಯ ಮನಸ್ಸಿನಿಂದ ಬಂದ ಬುದ್ಧಿಮಾತು. ನಾನು ಬೀಗ ಹಾಕಿಕೊಂಡೆ.

ಕನ್ಫರ್ಮ್ ಆದ ಮಾರನೆಯ ವಾರ ಮ್ಯಾನೇಜರ ಕೋಣೆಗೆ ಹೋಗಿ ಹೇಳಿದೆ. ಅವರು ಶಿಸ್ತಿನ ಮನುಷ್ಯ. ಹತ್ತು ಗಂಟೆಗೆ ಒಂದು ನಿಮಿಷ ಮೀರಿದರೆ ಹಾಜರಿ ಪುಸ್ತಕ ಒಳಗೆ ಹೋಗುತ್ತಿತ್ತು. ನನ್ನ ಮಾತನ್ನು ಪೂರ್ತಿ ಕೇಳಲೂ ಇಲ್ಲ. 'ಹೆಡ್ ಆಫೀಸಿನವರಿಗಿಂತ ನಿಮಗೆ ಜಾಸ್ತಿ ಗೊತ್ತೇನಮ್ಮ?' ಎಂದರು. ಅವರು ನನ್ನ ಕೆಲಸ ತೆಗೆಯಲಾರರೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಮುಂದಿನ ನಾಲ್ಕು ವರ್ಷ ನಾನು ಆ ಕೋಣೆಗೆ ಯಾವ ಯೋಚನೆಯನ್ನೂ ಒಯ್ಯಲಿಲ್ಲ. ಕೆಲಸ ಮಾಡಿದೆ, ಚೊಕ್ಕಟವಾಗಿಯೇ ಮಾಡಿದೆ. ಹೇಳಿದಷ್ಟು ಮಾಡಿದೆ, ಅಷ್ಟೆ.

ಪರ್ಮನೆಂಟ್ ಕೆಲಸದವರು ಸೋಮಾರಿಗಳು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಸುಳ್ಳೆಂದು ನಾನು ವಾದಿಸುವುದಿಲ್ಲ. ಕುರ್ಚಿಗೆ ಬೇರು ಬಿಟ್ಟವರನ್ನು, ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಚೀಲ ಹೆಗಲಿಗೇರಿಸಿದವರನ್ನು ನಾನೂ ಕಂಡಿದ್ದೇನೆ. ಆದರೆ ಅವರಲ್ಲಿ ಎಷ್ಟೋ ಜನ ಮೊದಲ ದಿನ ಹಾಗಿರಲಿಲ್ಲ. ಒಂದೆರಡು ಸಲ ಏನೋ ಹೇಳಹೋಗಿ, ಮುಖ ಮುರಿಸಿಕೊಂಡು ಬಂದು, ಆಮೇಲೆ ಹಾಗಾದವರು. ಭದ್ರತೆ ಎಂಬುದು ಹದ ಮಾಡಿದ ನೆಲ. ಬಿತ್ತುವವರು ಬಾರದಿದ್ದರೆ ಅಲ್ಲಿ ಕಳೆ ಬೆಳೆಯುತ್ತದೆ. ಹಾಗೆಂದು ಬಂಡೆಯ ಮೇಲೆ ಬಿತ್ತಲಾದೀತೆ?

ನಮ್ಮ ಶಾಖೆಯ ಗೋಡೆಯ ಮೇಲೆ 'ಸಲಹಾ ಪೆಟ್ಟಿಗೆ' ಎಂದು ಬಿಳಿ ಅಕ್ಷರದಲ್ಲಿ ಬರೆದ ಮರದ ಪೆಟ್ಟಿಗೆಯೊಂದಿತ್ತು. ಅದರ ಬೀಗದ ಕೈ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಸುಣ್ಣ ಬಳಿಸುವಾಗ ಒಮ್ಮೆ ಅದನ್ನು ಇಳಿಸಿ ಬೀಗ ಒಡೆದರು. ಒಳಗೆ ಬಸ್ ಟಿಕೆಟುಗಳು, ಒಂದು ಕಡಲೆಕಾಯಿ ಸಿಪ್ಪೆಯ ಪೊಟ್ಟಣ, ಯಾರೋ ಮಗು ಬಿಡಿಸಿದ ಆನೆಯ ಚಿತ್ರ. ಹೊಸ ಬೀಗ ಹಾಕಿ ಮತ್ತೆ ಅಲ್ಲೇ ತೂಗುಹಾಕಿದರು.

ಇಂಥದೇ ಒಂದು ಸಲಹೆಯ ಪದ್ಧತಿ ಬೇರೊಂದು ದೇಶದಲ್ಲಿ ದೊಡ್ಡ ಕೆಲಸ ಮಾಡಿದ್ದನ್ನು ಎಷ್ಟೋ ವರ್ಷದ ಮೇಲೆ ಓದಿದೆ. ನಮ್ಮ ಬಿಡದಿಯಲ್ಲೂ ಕಾರ್ಖಾನೆ ಇರುವ ಟೊಯೊಟಾದ ಕಥೆ ಅದು. ೧೯೫೦ರಲ್ಲಿ ಆ ಕಂಪೆನಿ ಜಪಾನಿನಲ್ಲಿ ಮುಳುಗುವ ಸ್ಥಿತಿಗೆ ಬಂದಿತ್ತು. ಮುಷ್ಕರವಾಯಿತು, ಸಾವಿರಕ್ಕೂ ಹೆಚ್ಚು ಕೆಲಸಗಾರರು ಹೊರಹೋಗಬೇಕಾಯಿತು. ಜವಾಬ್ದಾರಿ ಹೊತ್ತು ಅಧ್ಯಕ್ಷ ಕೀಚಿರೊ ಟೊಯೊಡಾ ತಾವೂ ರಾಜೀನಾಮೆ ಕೊಟ್ಟರು. ಆ ಪೆಟ್ಟಿನ ನಂತರ ಕಂಪೆನಿ, ಉಳಿದವರನ್ನು ದೀರ್ಘಕಾಲ ಇಟ್ಟುಕೊಳ್ಳುವ ದಾರಿ ಹಿಡಿಯಿತು. ಮರುವರ್ಷವೇ, ೧೯೫೧ರಲ್ಲಿ, ಕೆಲಸಗಾರರಿಂದ ಸಲಹೆ ಪಡೆಯುವ ಪದ್ಧತಿ ಶುರುಮಾಡಿತು. ಯಂತ್ರದ ಮುಂದೆ ನಿಂತ ಸಾಮಾನ್ಯ ಕೆಲಸಗಾರ ಕೂಡ, ಏನೋ ತಪ್ಪಾಗಿದೆ ಅನ್ನಿಸಿದರೆ ಹಗ್ಗ ಎಳೆದು ಮೇಲಿನವರನ್ನು ಕರೆಯಬಹುದು, ಕೆಲಸದ ಸಾಲನ್ನೇ ನಿಲ್ಲಿಸಬಹುದು ಎಂಬ ಏರ್ಪಾಡೂ ಅಲ್ಲಿಯದೇ. ಯೋಚಿಸಿ ನೋಡಿ, ತನ್ನ ಸಲಹೆಯಿಂದ ಕೆಲಸ ಬೇಗ ಮುಗಿದರೆ ತನ್ನನ್ನೇ ಮನೆಗೆ ಕಳಿಸುತ್ತಾರೆಂಬ ಭಯವಿದ್ದವನು ಕೆಲಸ ಬೇಗ ಮುಗಿಸುವ ಉಪಾಯ ಹೇಳಿಯಾನೆ? ಹೊಳೆದದ್ದನ್ನು ಹೊಟ್ಟೆಯೊಳಗೇ ಇಟ್ಟುಕೊಂಡಾನು.

ನಮ್ಮಲ್ಲಿಗೆ ಕಂಪ್ಯೂಟರ್ ಬಂದಾಗ ಇದನ್ನೇ ಕಣ್ಣಾರೆ ಕಂಡೆ. ಕೆಲಸ ಹೋಗುತ್ತದೆಂಬ ಗುಲ್ಲು ಎದ್ದಿದ್ದ ದಿನಗಳಲ್ಲಿ, ಮೂವತ್ತು ವರ್ಷದ ಅನುಭವವಿದ್ದ ಲೆಕ್ಕಿಗರು ತಮ್ಮ ಸುಲಭೋಪಾಯಗಳನ್ನೆಲ್ಲ ಮುಚ್ಚಿಟ್ಟುಕೊಂಡು ಕೂತರು. ಯಂತ್ರ ಕೂರಿಸಲು ಬಂದ ಹುಡುಗರು ಕೇಳಿದ್ದಕ್ಕೆ 'ಪುಸ್ತಕದಲ್ಲಿದೆ ನೋಡಿಕೊಳ್ಳಿ' ಎನ್ನುತ್ತಿದ್ದರು. ಯಾರನ್ನೂ ತೆಗೆಯುವುದಿಲ್ಲವೆಂದು ಯೂನಿಯನ್ನಿನವರು ಬಂದು ಹೇಳಿ, ಅದು ನಿಜವೆಂದು ಕಂಡ ಮೇಲೆ, ಅದೇ ಹಿರಿಯರು ಆ ಹುಡುಗರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, 'ಇಲ್ಲಿ ಬಡ್ಡಿ ತಪ್ಪುತ್ತಲ್ಲಪ್ಪ' ಎಂದು ತಿದ್ದತೊಡಗಿದರು. ಮತ್ತೆ ೨೦೦೦–೦೧ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಿತು. ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂಬುದೇ ಮಾತು. ಆ ವರ್ಷ ನಮ್ಮ ಶಾಖೆಯಲ್ಲಿ ಹೊಸದೇನಾದರೂ ಯಾರಾದರೂ ಹೇಳಿದ ನೆನಪು ನನಗಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನೊಬ್ಬಳ ಸಂಗತಿ. ನಮ್ಮ ಶಾಖೆಯಲ್ಲಿ ಕಸ ಗುಡಿಸಿ, ನೀರು ತುಂಬಿ, ಚಹಾ ತರುತ್ತಿದ್ದ ಹೆಂಗಸು ಒಬ್ಬಳಿದ್ದಳು. ನಾವೆಲ್ಲ ಅವಳನ್ನು 'ಅಕ್ಕಯ್ಯ' ಎನ್ನುತ್ತಿದ್ದೆವು. ದಿನಕ್ಕೆ ಇಷ್ಟೆಂದು ವೋಚರ್ ಬರೆದು ಕೊಡುತ್ತಿದ್ದ ಕೂಲಿ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಏಳು ವರ್ಷದಿಂದ ಹಾಗೇ.

ಪಿಂಚಣಿಯ ದಿನಗಳಲ್ಲಿ ನಮ್ಮಲ್ಲಿ ಜಾತ್ರೆ. ತಿಂಗಳ ಮೊದಲ ವಾರ ಎಂಟು ಗಂಟೆಗೇ ಮುದುಕರು, ಮುದುಕಿಯರು ಬಾಗಿಲ ಮುಂದೆ ಕೂತಿರುತ್ತಿದ್ದರು. ನವೆಂಬರಿನಲ್ಲಿ ಬದುಕಿದ್ದೇನೆಂದು ಪ್ರಮಾಣಪತ್ರ ಕೊಡಬೇಕಾದಾಗಲಂತೂ ಕಾಲಿಡಲು ಜಾಗವಿರುತ್ತಿರಲಿಲ್ಲ. ನೂಕುನುಗ್ಗಲು, ಜಗಳ, ಒಬ್ಬರಿಬ್ಬರು ತಲೆಸುತ್ತಿ ಬೀಳುವುದು. ಟೋಕನ್ ಕೊಟ್ಟೆವು, ಹಗ್ಗ ಕಟ್ಟಿದೆವು, ಹೋಮ್‌ಗಾರ್ಡ್ ತರಿಸಿದೆವು. ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

ಆಗ ಹೊಸ ಮ್ಯಾನೇಜರ್ ಬಂದರು. ನೋಡಲಿಕ್ಕೆ ಸಾಧಾರಣ ಮನುಷ್ಯ, ಮಾತೂ ಕಡಿಮೆ. ಅವರಿಗೊಂದು ಅಭ್ಯಾಸ. ಬಾಗಿಲು ತೆರೆಯುವುದಕ್ಕೆ ಹತ್ತು ನಿಮಿಷ ಮುಂಚೆ ಕೋಣೆಯಿಂದ ಹೊರಗೆ ಬಂದು, ನಮ್ಮ ಜೊತೆ ನಿಂತೇ ಚಹಾ ಕುಡಿಯುತ್ತಿದ್ದರು. ಕುಡಿಯುತ್ತಾ ಒಂದೇ ಪ್ರಶ್ನೆ: 'ನಿನ್ನೆ ಗಿರಾಕಿಗಳ ಹತ್ತಿರ ಯಾರು ಬೈಸಿಕೊಂಡಿರಿ? ಯಾತಕ್ಕೆ?' ಮೊದಮೊದಲು ನಮಗೆ ಗುಮಾನಿ, ಇದೇನು ಬಲೆಯೋ ಎಂದು. ಹದಿನೈದು ದಿನ ಯಾರೂ ಏನೂ ಹೇಳಲಿಲ್ಲ. ಕೊನೆಗೆ ಕ್ಯಾಷಿಯರ್ ಏನನ್ನೋ ಹೇಳಿದರು. ಮ್ಯಾನೇಜರ್ ಮೆಮೊ ಕೊಡಲಿಲ್ಲ, ಅದನ್ನು ಸರಿಪಡಿಸಿದರು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟೆವು.

ಒಂದು ದಿನ ಲೋಟ ತೆಗೆದುಕೊಳ್ಳಲು ಬಂದ ಅಕ್ಕಯ್ಯನನ್ನೂ ಅವರು ಕೇಳಿದರು. 'ನೀವು ಏಳು ವರ್ಷದಿಂದ ಈ ಕ್ಯೂ ನೋಡ್ತಿದ್ದೀರಿ. ಏನು ಮಾಡಬೇಕು ಹೇಳಿ.' ಅವಳನ್ನು ಆ ಕಟ್ಟಡದಲ್ಲಿ 'ನೀವು' ಅಂದವರು ಅವರೇ ಮೊದಲಿಗರು. ಅವಳು ನನ್ನ ಮುಖ ನೋಡಿದಳು, ನೆಲ ನೋಡಿದಳು. ಆಮೇಲೆ ಅಂದಳು: 'ಬಸ್ಸಿನ ಪ್ರಕಾರ ಕರೀರಿ ಸಾರ್.'

ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಮುದುಕರು ಎಂಟು ಗಂಟೆಗೆ ಬಂದು ನೂಕಾಡುವುದು ದುಡ್ಡಿನ ಆತುರಕ್ಕಲ್ಲ; ಊರಿಗೆ ಹೋಗುವ ಬಸ್ಸು ತಪ್ಪಿಹೋಗುತ್ತದೆಂಬ ಭಯಕ್ಕೆ. ಒಂದು ಕಡೆಯ ಹಳ್ಳಿಗಳಿಗೆ ಹನ್ನೊಂದೂವರೆಗೆ ಬಸ್ಸು, ಅದು ಬಿಟ್ಟರೆ ಸಂಜೆಗೇ. ಇನ್ನೊಂದು ಕಡೆಯವರಿಗೆ ಒಂದು ಗಂಟೆಗೆ. ಊರಿನವರಿಗೆ ಬಸ್ಸಿನ ಹಂಗೇ ಇಲ್ಲ, ಅವರು ಮನೆಗೆ ಹೋಗಿ ಊಟ ಮಾಡಿ ಬರಬಹುದು. ಯಾವ ಹಳ್ಳಿಯ ಬಸ್ಸು ಮೊದಲೋ ಆ ಹಳ್ಳಿಯವರನ್ನು ಮೊದಲು ಕರೆದರೆ ಉಳಿದವರು ತಾವಾಗಿಯೇ ಜಗಲಿಯ ಮೇಲೆ ಕೂರುತ್ತಾರೆ. ಇಷ್ಟೇ.

ನಮ್ಮಲ್ಲಿ ಎಂ.ಕಾಂ. ಮಾಡಿದವರಿದ್ದರು, ತರಬೇತಿಗೆಂದು ದೂರದ ಊರುಗಳಿಗೆ ಹೋಗಿ ಬಂದವರಿದ್ದರು. ಮುದುಕರು ಎಲ್ಲಿಂದ ಬರುತ್ತಾರೆ, ಯಾವ ಬಸ್ಸಿಗೆ ಹೋಗುತ್ತಾರೆ ಎಂಬುದು ಅವರಿಗೆ ನೀರು ಕೊಡುತ್ತಿದ್ದವಳಿಗೆ ಮಾತ್ರ ಗೊತ್ತಿತ್ತು. ಆಮೇಲೆ ನಾನು ಕೇಳಿದೆ, 'ಇಷ್ಟು ವರ್ಷ ಯಾಕೆ ಅಕ್ಕಯ್ಯ ಹೇಳಲಿಲ್ಲ?' ಅವಳು ನಕ್ಕಳು. 'ಹೇಳಿ ಏನಾದ್ರೂ ಎಡವಟ್ಟಾದ್ರೆ ನಿಮಗೆ ಬೈಗುಳ ಅಮ್ಮಾ, ನನಗೆ ಪೊರಕೇನೇ ಹೋಯ್ತದೆ' ಅಂದಳು.

ಎಡವಟ್ಟಾಯಿತು ಕೂಡ. ಮೊದಲ ತಿಂಗಳು ಒಂದು ಹಳ್ಳಿಯವರೆಲ್ಲ ಟೆಂಪೊ ಮಾಡಿಕೊಂಡು ಬಂದಿದ್ದರು, ಲೆಕ್ಕ ತಪ್ಪಿ ಗಲಾಟೆಯಾಯಿತು. ಒಬ್ಬ ಹಿರಿಯರು ನೇರವಾಗಿ ಹೆಡ್ ಆಫೀಸಿಗೆ ಕಾಗದ ಬರೆದರು. ಮ್ಯಾನೇಜರ್, 'ಏರ್ಪಾಡು ನನ್ನದು' ಎಂದು ತಾವೇ ಉತ್ತರ ಬರೆದು ಸಹಿ ಹಾಕಿದರು. ಅಕ್ಕಯ್ಯನ ಹೆಸರು ಎತ್ತಲಿಲ್ಲ. ಎರಡನೆಯ ತಿಂಗಳು, ಟೆಂಪೊದಲ್ಲಿ ಬರುವವರದ್ದು ಬೇರೆ ಗುಂಪು ಎಂದು ಅವಳೇ ತಿದ್ದಿದಳು. ಸರಿಹೋಯಿತು. ಆಗ ಮಾತ್ರ ಅವರು ಎಲ್ಲರ ಮುಂದೆ ಹೇಳಿದರು, 'ಇದು ಅಕ್ಕಯ್ಯನವರ ಯೋಜನೆ.' ಬೈಗುಳ ಬಂದಾಗ 'ನನ್ನದು', ಹೊಗಳಿಕೆ ಬಂದಾಗ 'ಅವಳದು'. ನಾಯಕತ್ವದ ಮೇಲೆ ಎಷ್ಟು ಪುಸ್ತಕಗಳಿವೆಯೋ ನಾನರಿಯೆ, ನನಗೆ ಇಷ್ಟು ಸಾಕು.

ಅಮೆರಿಕದ ಹಾರ್ವರ್ಡ್‌ನಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಮಹಿಳೆ ಇದ್ದಾರೆ. ೧೯೯೦ರ ದಶಕದಲ್ಲಿ ಅವರು ಆಸ್ಪತ್ರೆಯ ನರ್ಸುಗಳ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಮುಖ್ಯಸ್ಥರಿರುವ ತಂಡದಲ್ಲಿ ಔಷಧಿ ಕೊಡುವ ತಪ್ಪುಗಳು ಕಡಿಮೆ ಇರಬಹುದೆಂದು ನೋಡಹೋದರೆ, ದಾಖಲೆಯಲ್ಲಿ ಅಲ್ಲಿಯೇ ತಪ್ಪುಗಳು ಹೆಚ್ಚು! ಆಮೇಲೆ ತಿಳಿದದ್ದೇನೆಂದರೆ, ಅಲ್ಲಿ ತಪ್ಪು ಹೆಚ್ಚು ನಡೆಯುತ್ತಿತ್ತೆಂದಲ್ಲ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತ್ತು. ಬಿರುಸಿನ ಮುಖ್ಯಸ್ಥರ ಕೈಕೆಳಗಿನವರು ಮುಚ್ಚಿಡುತ್ತಿದ್ದರು. ಇದನ್ನು ಓದಿದಾಗ ನನಗೆ ನಮ್ಮ ಹತ್ತು ನಿಮಿಷದ ಚಹಾ ನೆನಪಾಯಿತು. ಡೆಮಿಂಗ್ ಎಂಬ ಇನ್ನೊಬ್ಬ ಅಮೆರಿಕನ್ ತಜ್ಞರು ಮೇಲಧಿಕಾರಿಗಳಿಗೆಂದು ಬರೆದ ೧೪ ಸೂತ್ರಗಳಲ್ಲಿ ಎಂಟನೆಯದು ಇದೇ: ಕಚೇರಿಯಿಂದ ಭಯವನ್ನು ಹೊರಗಟ್ಟಿ.

ಮ್ಯಾನೇಜರಿಗೆ ಮೂರು ವರ್ಷಕ್ಕೆ ವರ್ಗವಾಯಿತು. ಹೋಗುವ ಮುನ್ನ ಅಕ್ಕಯ್ಯನನ್ನು ಖಾಯಂ ಮಾಡಬೇಕೆಂದು ಎರಡು ಬಾರಿ ಬರೆದಿದ್ದರು. ನಾವೆಲ್ಲ ಸಹಿ ಹಾಕಿದ್ದೆವು. ಬಂದ ಉತ್ತರ ಬೇರೆ. ಗುಡಿಸುವ ಕೆಲಸವನ್ನು ಏಜೆನ್ಸಿಗೆ ವಹಿಸಲಾಗಿದೆ, ದಿನಗೂಲಿಯವರನ್ನು ಇಟ್ಟುಕೊಳ್ಳತಕ್ಕದ್ದಲ್ಲ. ಒಂದು ಶನಿವಾರ ಅವಳು ಪೊರಕೆಯನ್ನು ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, ಲೋಟಗಳನ್ನೆಲ್ಲ ತೊಳೆದು ಬೋರಲು ಹಾಕಿ ಹೋದಳು. ಆಮೇಲೆ ಏಜೆನ್ಸಿಯಿಂದ ಹುಡುಗಿಯರು ಬಂದರು. ಮೂರು ತಿಂಗಳಿಗೊಬ್ಬಳು. ಒಳ್ಳೆಯ ಹುಡುಗಿಯರೇ. ಆದರೆ ಯಾವ ಅಜ್ಜಿ ಯಾವ ಬಸ್ಸಿಗೆ ಎಂದು ಕಲಿಯುವಷ್ಟರಲ್ಲಿ ಅವರೇ ಇರುತ್ತಿರಲಿಲ್ಲ. ಬಸ್ಸಿನ ವೇಳೆ ಬದಲಾಯಿತು, ಪಟ್ಟಿ ತಿದ್ದುವವರಿರಲಿಲ್ಲ. ವರ್ಷದೊಳಗೆ ಮತ್ತೆ ಹಗ್ಗ, ಮತ್ತೆ ಹೋಮ್‌ಗಾರ್ಡ್. ಏಜೆನ್ಸಿಯಿಂದ ಎಷ್ಟು ಉಳಿತಾಯವಾಯಿತೆಂದು ಲೆಕ್ಕ ಬರೆದಿರಬೇಕು. ಕಳೆದುಕೊಂಡದ್ದನ್ನು ಬರೆಯಲು ನಮ್ಮ ಯಾವ ಲೆಡ್ಜರಿನಲ್ಲೂ ಕಾಲಂ ಇರಲಿಲ್ಲ.

ದಿನಗೂಲಿಯವರ ಪಾಡು ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದದ್ದುಂಟು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರ ಆ ಪ್ರಕರಣಕ್ಕೆ ಉಮಾದೇವಿ ಪ್ರಕರಣವೆಂದೇ ಹೆಸರು. ನಿಯಮದಂತೆ ನೇಮಕವಾಗದವರು ಖಾಯಂ ಆಗುವ ಹಕ್ಕು ಕೇಳುವಂತಿಲ್ಲವೆಂದು ೨೦೦೬ರ ಏಪ್ರಿಲಿನಲ್ಲಿ ತೀರ್ಪಾಯಿತು. ದೇಶದ ಎಷ್ಟೋ ಕಚೇರಿಗಳು ಅದನ್ನೇ ತೋರಿಸಿ ಬಾಗಿಲು ಹಾಕಿದವು. ೨೦೨೪ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ, ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಬಹುಕಾಲ ಕಸ ಗುಡಿಸಿದ ಜಗ್ಗೋ ಮತ್ತು ಸಂಗಡಿಗರ ಪ್ರಕರಣದಲ್ಲಿ, ಹಳೆಯ ತೀರ್ಪನ್ನು ದುಡಿಸಿಕೊಂಡು ಕೈಬಿಡುವುದಕ್ಕೆ ಬಳಸಬಾರದೆಂದು ಹೇಳಿ ಅವರನ್ನು ಖಾಯಂ ಮಾಡಿಸಿತು. ಅಕ್ಕಯ್ಯನ ಪಾಲಿಗೆ ಅದು ತಡವಾಗಿ ಬಂದ ಮಳೆ.

ಅವಳು ಸುಮ್ಮನೆ ಕೂರುವವಳಲ್ಲ. ಬಸ್ ಸ್ಟ್ಯಾಂಡಿನ ಗೋಡೆಗೆ ಒರಗಿಸಿ ಇಡ್ಲಿಯ ಗಾಡಿ ಹಾಕಿದಳು. ಒಮ್ಮೆ ಹೋದಾಗ ನೋಡಿದೆ, ಪ್ರತಿ ಬಸ್ಸಿಗೆ ಕಾಲು ಗಂಟೆ ಮುಂಚೆ ಅಷ್ಟಷ್ಟು ಪೊಟ್ಟಣ ಕಟ್ಟಿ ಸಾಲಾಗಿ ಇಟ್ಟಿದ್ದಾಳೆ. ಹಲ್ಲಿಲ್ಲದವರಿಗೆ ಚಟ್ನಿ ತೆಳ್ಳಗೆ, ಖಾರ ಕಡಿಮೆ. 'ಇದು ಯಾರು ಹೇಳಿಕೊಟ್ಟರು?' ಎಂದರೆ, 'ಇಲ್ಲಿ ಯಾರನ್ನ ಕೇಳ್ಬೇಕಮ್ಮಾ' ಅಂದಳು. ಹಾಗಾದರೆ ಭದ್ರತೆ ಇಲ್ಲದೆಯೂ ಹೊಸದು ಹೊಳೆಯುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ದುಡಿಮೆ ತನ್ನದೇ ಆದಾಗ ಹೊಳೆಯುತ್ತದೆ. ೧೯೫೯ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಹೆಂಗಸರು ೮೦ ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕೂತರು. ಅದೇ ಇಂದಿನ ಲಿಜ್ಜತ್. ಅಲ್ಲಿ ಹಪ್ಪಳ ಲಟ್ಟಿಸುವವರೇ ಒಡತಿಯರು. ಆದರೆ ಅಕ್ಕಯ್ಯ ಇನ್ನೊಂದು ಮಾತನ್ನೂ ಹೇಳಿದಳು: 'ಬಾಯಿ ನಂದೇ ಅಮ್ಮಾ, ಮಳೆ ಬಂದ ದಿನ ಮಾತ್ರ ಅದಕ್ಕೆ ಹಾಕೋಕೆ ಏನೂ ಇರಾಕಿಲ್ಲ.' ಮಾತಾಡುವ ಬಾಯಿಗೂ ಉಣ್ಣುವ ಬಾಯಿಗೂ ಏಕೆ ಜಗಳ ಹಚ್ಚಬೇಕು? ಎರಡನ್ನೂ ಒಟ್ಟಿಗೆ ಕೊಡುವ ಕಚೇರಿ ಆಗಲಾರದ್ದೇನಲ್ಲ. ಮೂರು ವರ್ಷ ಅರ್ಧದಷ್ಟನ್ನು ನಾನೇ ಕಂಡಿದ್ದೇನೆ.

ನನ್ನ ಸೋದರಿಯ ಮಗಳು ಈಗ ಬೆಂಗಳೂರಿನಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡುತ್ತಾಳೆ. ಹನ್ನೊಂದು ತಿಂಗಳಿಗೊಮ್ಮೆ ಕಾಗದ ಹೊಸದಾಗಬೇಕು. ಅವರ ಕಚೇರಿಯಲ್ಲಿ ಹೊಸ ಆಲೋಚನೆಗೆ ಬಹುಮಾನವಿದೆಯಂತೆ. ನೀನು ಏನಾದರೂ ಕೊಟ್ಟೆಯಾ ಎಂದೆ. 'ಹತ್ತನೇ ತಿಂಗಳು ದೊಡ್ಡಮ್ಮ, ಈಗ ಬೇಡ' ಎಂದಳು. ನಮ್ಮ ಮರದ ಪೆಟ್ಟಿಗೆ ಅಲ್ಲಿ ಬಣ್ಣ ಬದಲಿಸಿದೆ. ಬೀಗ ಅದೇ.

ಇದೆಲ್ಲ ಕಚೇರಿಯ ಮಾತು, ನಮಗೇಕೆ ಎನ್ನಬೇಡಿ. ಮನೆಗೆಲಸಕ್ಕೆ ಬರುವ ಹೆಂಗಸಿಗೆ ನಾವೇ ಮ್ಯಾನೇಜರು, ನಾವೇ ಹೆಡ್ ಆಫೀಸು. ಯಾವ ನಲ್ಲಿ ಸೋರುತ್ತದೆ, ಯಾವ ಡಬ್ಬದಲ್ಲಿ ಹುಳ ಬಿದ್ದಿದೆ, ಯಾವ ಕೆಲಸ ಮೊದಲು ಮಾಡಿದರೆ ನೀರು ಉಳಿಯುತ್ತದೆ, ಎಲ್ಲ ಅವಳಿಗೆ ಗೊತ್ತಿರುತ್ತದೆ. ನಾಳೆಯಿಂದ ಬರಬೇಡ ಎಂಬ ಒಂದು ಮಾತಿಗೆ ಅವಳ ಕೆಲಸ ಹೋಗುತ್ತದೆಂಬುದೂ ಅವಳಿಗೆ ಗೊತ್ತಿರುತ್ತದೆ. ಅವಳು ಹುಷಾರು ತಪ್ಪಿದ ನಾಲ್ಕು ದಿನ ಸಂಬಳ ಹಿಡಿಯದೆ, ಲೋಟ ಒಡೆದದ್ದಕ್ಕೆ ಕೂಗಾಡದೆ, ನಮ್ಮ ಚಹಾದ ಜೊತೆಗೇ ಅವಳದನ್ನೂ ಬೆರೆಸಿ ಕೊಟ್ಟು, 'ಇದನ್ನು ನೀನಾದರೆ ಹೇಗೆ ಮಾಡ್ತೀಯಮ್ಮ?' ಎಂದು ಕೇಳಿ ನೋಡಿ. ಮೊದಲ ದಿನ ಅವಳು ಏನೂ ಹೇಳಲಾರಳು. ಹದಿನೈದು ದಿನ ಕಾಯಬೇಕು.